ಮಗ್ಗದ ಮನ್ಯಾಗ ಮಲಗೂ ಖೋಲಿ ಮತ್ತ ಬಚ್ಚಲಾ

ಬನಹಟ್ಟ್ಯಾಗ ಮನಿ ಅಂದ್ರ ಮೊದಲ ಮಗ್ಗಕ್ಕ ಜಾಗಾ, ಆಮ್ಯಾಲೆ ಮಂದಿಗೆ. ಇದು ಇವತ್ತಿನ ಮಾತಲ್ಲ, ನಮ್ಮ ಅತ್ತಿ, ಅವರ ಅತ್ತಿ ಕಾಲದಿಂದ ಬಂದದ್ದು. ಈಗ ಹೊಸಾ ಮನಿ ಕಟ್ಟಸಾಕ ಹತ್ತಿದ ಹುಡುಗೂರು ಫೋನಿನ್ಯಾಗ ಚಿತ್ರ ತೋರಿಸಿ, ಸಣ್ಣ ಬೆಡ್‌ರೂಮಿಗೆ ಇಕೋ ಫ್ರೆಂಡ್ಲಿ ಡಿಸೈನ್ ಅಂತಾರ. ಹತ್ತು ಬೈ ಹತ್ತು ಬೆಡ್‌ರೂಮು, ನಾಕು ಬೈ ಆರು ಬಾತ್‌ರೂಮು. ಮಣ್ಣಿನ ಬಣ್ಣದ ಗ್ವಾಡಿ, ನಾರಿನ ಚಾಪಿ, ಗ್ವಾಡಿಯೊಳಗ ಕೊರದ ಮಾಡ, ಮ್ಯಾಲಿಂದ ಬೆಳಕು ಬೀಳೂ ಕಿಂಡಿ. ನೋಡಿದ್ರ ನಮ್ಮ ಆಯಿ ಮನಿನ ಅದು, ಬರೇ ಜಳಜಳಾ ತೊಳದು ಫೋಟೋ ಹೊಡದಂಗ ಐತಿ.

ಆದ್ರ "ಇದೆಲ್ಲಾ ನಮ್ಮ ಹಿರ್ಯಾರು ಮೊದಲ ಮಾಡಿದ್ರು" ಅಂತ ಎದಿ ಉಬ್ಬಸಿ ಹೇಳಿ ಬಿಡೂದು ನನಗ ಸೇರೂದಿಲ್ಲ. ಹಳೇ ಮನಿಯೊಳಗ ಯಾವುದು ಭೂಮಿಗೂ ಚಲೋ, ಮಂದಿಗೂ ಚಲೋ ಇತ್ತು, ಯಾವುದು ಬರೇ ಬಡತನ ಇತ್ತು, ಯಾವುದು ಹೆಣಮಕ್ಕಳ ಹೆಗಲ ಮ್ಯಾಲಿನ ಭಾರ ಇತ್ತು, ಇವನ್ನ ಬ್ಯಾರೆ ಬ್ಯಾರೆ ಮಾಡಿ ನೋಡಬೇಕು. ಕಾಳು, ಹೊಟ್ಟು ಕೇರಿದಂಗ.

ಸ್ವಾತಂತ್ರ್ಯಕ್ಕಿಂತ ಮೊದಲ ನಮ್ಮ ಭಾಗ ಪಟವರ್ಧನರ ಜಮಖಂಡಿ ಸಂಸ್ಥಾನದೊಳಗಿತ್ತು. ಮಗ್ಗುಲದ ರಬಕವಿ ಸಾಂಗ್ಲಿ ಸಂಸ್ಥಾನದ್ದು. ಆ ಕಡೆ ಮುಧೋಳ ಘೋರ್ಪಡೆಯವರದು. 1948ರ ಮಾರ್ಚ್ ತಿಂಗಳದಾಗ ಇವು ಮುಂಬೈ ಪ್ರಾಂತಕ್ಕ ಸೇರಿದವು, 1956ರ ನವೆಂಬರ್ 1ಕ್ಕ ಮೈಸೂರು ರಾಜ್ಯಕ್ಕ ಬಂದವು, 1997ರಾಗ ಬಿಜಾಪುರ ಜಿಲ್ಲಾ ಒಡದು ಬಾಗಲಕೋಟಿ ಜಿಲ್ಲಾ ಆತು. ಈ ರಾಜಕೀಯ ಮನಿ ಕತಿಯೊಳಗ ಯಾಕ ಅಂದ್ರ, ನಮ್ಮ ಮನಿಮಾತಿನ್ಯಾಗ ಅದು ಇನ್ನೂ ಕುಂತೈತಿ. ಕೋಣೆಗೆ ನಾವು ಖೋಲಿ ಅಂತೀವಿ, ನೀರ ಕಾಸೂ ತಾಮ್ರದ ಪಾತ್ರಿಗೆ ಬಂಬ ಅಂತೀವಿ, ಎರಡೂ ಮರಾಠಿ ಕಡಿಂದ ಬಂದ ಮಾತು. ಪಡಸಾಲಿಗೆ, ನಡುಮನಿಗೆ, ಅಡಗಿಮನಿಗೆ, ಬಚ್ಚಲಕ್ಕ, ದನಾ ಕಟ್ಟೂ ಗ್ವಾದ್ಲಿಗೆ, ಕಾಳು ತುಂಬೂ ಹಗೇವಿಗೆ, ಎಲ್ಲಾಕ್ಕೂ ಹಳೇ ಹೆಸರು ಅದಾವ. ಬೆಡ್‌ರೂಮಿಗೆ ಮಾತ್ರ ಹಳೇ ಹೆಸರ ಇಲ್ಲ. "ಮಲಗೂ ಖೋಲಿ" ಅನ್ನೂದು ಈಚಿಗೆ ಹುಟ್ಟಿದ ಮಾತು. ಹೆಸರ ಯಾಕಿಲ್ಲ ಅಂದ್ರ ಅಂತಾ ಖೋಲಿನ ಇದ್ದಿದ್ದಿಲ್ಲ.

ನೇಕಾರರ ಮನ್ಯಾಗ ಎಲ್ಲಾಕ್ಕಿಂತ ಚಲೋ ಜಾಗಾ ಕುಣಿಮಗ್ಗದ್ದು. ನೆಲದಾಗ ತಗ್ಗು ತಗದು, ನೇಯಾವ ದಂಡಿ ಮ್ಯಾಲ ಕುಂತು ಕಾಲು ತಗ್ಗಿನೊಳಗ ಇಳಿಬಿಟ್ಟು ತುಳಿಯೂದು. ಆ ತಗ್ಗಿನ ತಂಪು ನೂಲಿಗೆ ಬೇಕಾಗಿತ್ತು. ಹತ್ತಿ ನೂಲು ಒಣಗಿದ್ರ ಪಟಪಟ ಹರೀತೈತಿ, ಸ್ವಲ್ಪ ತೇವ ಇದ್ರ ಗಟ್ಟಿ ಆಗ್ತೈತಿ. ಅದಕ್ಕ ಮಗ್ಗದ ಖೋಲಿಗೆ ದಪ್ಪ ಗ್ವಾಡಿ, ಬಿಸಿಗಾಳಿ ಹೊಗದಂಗ ಸಣ್ಣ ಕಿಂಡಿ. ಅಂದ್ರ ಮನಿಯೊಳಗ ಎಲ್ಲಾಕ್ಕಿಂತ ತಂಪು ಇರೂ ಖೋಲಿ ನೂಲಿಗೆ ಮೀಸಲು. ಹಗಲ ಹೊತ್ತು ಗಂಡಸರು ಮಗ್ಗದ ಮ್ಯಾಲ, ಹೆಣಮಕ್ಕಳು ಮಗ್ಗಲದಾಗ ಕಂಡಿಕಿ ಸುತ್ತತಾ. ರಾತ್ರಿ ಆದ್ರ ಅದ ಮಗ್ಗದ ಸುತ್ತ ಉಳದ ಮೂರ ಮೊಳ ನೆಲದ ಮ್ಯಾಲ ಹಾಸಗಿ. ಮುದುಕರು ಪಡಸಾಲ್ಯಾಗ, ಹುಡುಗೂರು ನಡುಮನ್ಯಾಗ ಸಾಲಾಗಿ, ಬ್ಯಾಸಗ್ಯಾಗ ಎಲ್ಲಾರೂ ಮಾಳಗಿ ಮ್ಯಾಲ. ಹೊಸದಾಗಿ ಲಗ್ನ ಆದವರಿಗೆ ಕಾಳಿನ ಚೀಲ, ಹರವಿ ಇಡೂ ಖೋಲಿ ನಾಕು ದಿನ ಖಾಲಿ ಮಾಡಿ ಕೊಡೂದು. ಆಮ್ಯಾಲೆ ಚೀಲ ಮತ್ತ ಬರತಿದ್ದವು.

ಹೆಣಮಗಳಿಗೆ ತನ್ನದು ಅಂತ ಒಂದು ಖೋಲಿ ಸಿಗತಿದ್ದದ್ದು ಒಂದ ಸಲ, ಬಾಣಂತಿ ಇದ್ದಾಗ. ಅದಕ್ಕ ಬಾಣಂತಿ ಖೋಲಿ ಅನ್ನೂ ಹೆಸರೂ ಐತಿ ನೋಡ್ರಿ. ಕತ್ತಲ ಖೋಲಿ, ಹೊರಸು, ಹೊರಸಿನ ಕೆಳಗ ಕೆಂಡ, ಮ್ಯಾಲ ಬೇವಿನ ಸೊಪ್ಪು, ಬಳ್ಳೊಳ್ಳಿ ಸಿಪ್ಪಿ ಹಾಕಿದ ಹೊಗಿ. ಕೂಸಿಗೂ ತಾಯಿಗೂ ಬೆಚ್ಚಗಿರಲಿ ಅಂತ ಮಾಡತಿದ್ರು ಖರೆ, ಆದ್ರ ಗಾಳಿ ಆಡದ ಖೋಲ್ಯಾಗ ಆ ಹೊಗಿ ಕುಡಿಯೂದು ಎಳೇ ಕೂಸಿನ ಎದಿಗೆ ಚಲೋದಲ್ಲ. ಇದನ್ನ ಹಳೇದು ಅಂತ ಹೊಗಳಾಕ ನಾ ಒಲ್ಲೆ.

ಇನ್ನ ಮನಿ ಕಟ್ಟೂದು. ನಮ್ಮ ಕಡೆ ಮಾಳಗಿ ಮನಿ ಅಂದ್ರ ಮಟ್ಟಸ ಮಾಳಗಿ, ಮಣ್ಣಿಂದು. ಕರಾವಳಿ ಕಡೆ, ಮಲೆನಾಡ ಕಡೆ ಮಳಿ ಹೊಡತ ಹೆಚ್ಚು, ಅದಕ್ಕ ಅಲ್ಲಿ ಇಳಿಜಾರು ಹಂಚಿನ ಮನಿ. ನಮ್ಮಲ್ಲಿ ಮಳಿ ಕಡಿಮಿ, ಬಿಸಲು ಹೆಚ್ಚು. ಏಪ್ರಿಲ್, ಮೇ ತಿಂಗಳದಾಗ 40 ಡಿಗ್ರಿ ದಾಟೂದು ಏನ ದೊಡ್ಡ ಮಾತಲ್ಲ. ಕಲ್ಲು ಮಣ್ಣಿನ ಎರಡು ಫೂಟ ದಪ್ಪ ಗ್ವಾಡಿ ಏರಿಸಿ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಜಂತಿ, ಜಂತಿ ಮ್ಯಾಲ ಹಲಗಿ ಇಲ್ಲಾ ಕಟಗಿ, ಬಡವರಾದ್ರ ಬರೇ ಕಂಟಿ ಕಡ್ಡಿ, ಅದರ ಮ್ಯಾಲ ಬೇವಿನ ತಪ್ಪಲ, ಅದರ ಮ್ಯಾಲ ಹದ ಮಾಡಿದ ಮಣ್ಣು, ಕಡೀಕ ಸವಳ ಮಣ್ಣು.

ಈ ಸವಳ ಮಣ್ಣಿಂದು ಒಂದು ದೊಡ್ಡ ಗುಟ್ಟು. ಹೊಲದಾಗ ಸವಳು ಎದ್ದರ ಬೆಳಿ ಬರೂದಿಲ್ಲ, ರೈತ ತಲಿಮ್ಯಾಲ ಕೈ ಹೊತ್ತು ಕೂಡತಾನ. ಅದ ಮಣ್ಣು ಮಾಳಗಿಗೆ ಬಂಗಾರ. ಅದರೊಳಗಿನ ಉಪ್ಪಿನ ಗುಣಕ್ಕ ಮಣ್ಣಿನ ಕಣ ನೀರ ತಾಗಿದ ಕೂಡ್ಲೆ ಸಣ್ಣ ಸಣ್ಣ ಆಗಿ ಹರಡಿ, ಸಂದಿ ಎಲ್ಲಾ ಮುಚ್ಚಿ ಬಿಡತಾವ. ನೀರ ಕೆಳಗ ಇಳಿಯೂದಿಲ್ಲ. ಹೊಲದಾಗ ನೀರ ಇಂಗಗೊಡದ ದುರ್ಗುಣ ಮಾಳಗಿ ಮ್ಯಾಲ ಸದ್ಗುಣ ಆಗ್ತೈತಿ. ಪ್ರತಿ ವರ್ಷ ಮಿರಗ ಕೂಡೂದ್ರಾಗ, ಅಂದ್ರ ಜೂನ್ ಮೊದಲನೇ ವಾರದೊಳಗ, ಮಾಳಗಿ ಮ್ಯಾಲಿನ ಹುಲ್ಲು ಕಿತ್ತು ಹೊಸಾ ಸವಳು ಹರಡಿ ಬಡೀಬೇಕು. ತಪ್ಪಿದ್ರ ಪುಬ್ಬಿ ಮಳಿಗೆ ಮನಿ ತುಂಬ ಬೋಗಾಣಿ ಇಡಬೇಕಾಗತಿತ್ತು.

ಇಂಥಾ ಮನಿ ಯಾಕ ತಂಪು ಅಂದ್ರ, ದಪ್ಪ ಮಣ್ಣು ಬಿಸಲ ಕುಡೀಲಾಕ ಹೊತ್ತು ತಗೋತೈತಿ. ಹಗಲು ಹೊರಗ ಹೊಡದ ಬಿಸಲು ಗ್ವಾಡಿ ದಾಟಿ ಒಳಗ ಬರೂದ್ರಾಗ ರಾತ್ರಿ ಆಗಿರತೈತಿ. ಆ ಹೊತ್ತಿಗೆ ಮಂದಿ ಮಾಳಗಿ ಏರಿ ಮಲಗಿರತಾರ. ಸಿಮೆಂಟಿನ ಸ್ಲ್ಯಾಬು ನಾಕೈದು ಇಂಚು, ಅದು ಮಧ್ಯಾಹ್ನಕ್ಕ ಕಾದು ರಾತ್ರಿ ತನಕಾ ನಿಮ್ಮ ತಲಿಮ್ಯಾಲ ಹಂಚು ಇಟ್ಟಂಗ ಉರೀತೈತಿ. ಪತ್ರಾಸ ಮನಿದಂತೂ ಕೇಳಬ್ಯಾಡ್ರಿ.

ಬೆಳಕಿಗೆ ಬೆಳಕಿಂಡಿ. ಮಾಳಗಿಗೆ ಒಂದು ತೂತು, ಮಳಿ ಬಂದ್ರ ಮ್ಯಾಲ ಕಲ್ಲು ಮುಚ್ಚೂದು. ಗ್ವಾಡ್ಯಾಗ ದೊಡ್ಡ ಕಿಟಕಿ ತಗದ್ರ ಓಣಿ ಮಂದಿ ಇಣಕತಾರ, ಧೂಳಾ ಬರ್ತೈತಿ, ಬಿಸಿಗಾಳಿ ಬರ್ತೈತಿ. ಮ್ಯಾಲಿಂದ ಬೀಳೂ ಒಂದ ಗೇಣು ಬೆಳಕು ಇಡೀ ಅಡಗಿಮನಿಗೆ ಸಾಕು, ಒಲಿ ಹೊಗಿನೂ ಅಲ್ಲಿಂದನ ಹೋಗೂದು. ಸಣ್ಣ ಖೋಲಿಗೆ ಬೆಳಕು ಮ್ಯಾಲಿಂದ ತರೂದಕ್ಕಿಂತ ಚಲೋ ಉಪಾಯ ನಾ ಇನ್ನೂ ನೋಡಿಲ್ಲ. ಈಗಿನ ಎಂಜಿನಿಯರು ಸ್ಕೈಲೈಟ್ ಅಂತಾರ, ಹೆಸರಿಗೆ ಬ್ಯಾರೆ ರೊಕ್ಕ ತಗೋತಾರ.

ಸಾಮಾನು ಇಡಾಕ ಗ್ವಾಡ್ಯಾಗ ಮಾಡ, ಗಿಳಿಗೂಟ, ಜಂತಿಗೆ ನೆಲುವು. ಎರಡು ಫೂಟ ದಪ್ಪ ಗ್ವಾಡ್ಯಾಗ ಒಂದು ಫೂಟ ಆಳದ ಮಾಡ ತಗದ್ರ ಖೋಲಿ ಜಾಗಾ ಒಂದು ಇಂಚೂ ಹೋಗೂದಿಲ್ಲ. ಹಾಸಗಿ ಹಗಲು ಸುತ್ತಿ ಇಡೂದು, ಅದಕ್ಕ ಒಂದ ಖೋಲಿ ಮುಂಜಾನೆ ಊಟದ ಮನಿ, ಮಧ್ಯಾಹ್ನ ಕಂಡಿಕಿ ಮನಿ, ರಾತ್ರಿ ಮಲಗೂ ಮನಿ. ಈಗ ಹತ್ತು ಬೈ ಹತ್ತರ ಖೋಲ್ಯಾಗ ಆರು ಫೂಟಿನ ಪಲ್ಲಂಗ, ಬಾಕಿ ಕಪಾಟ ಹಾಕಿ, ನಡದಾಡಾಕ ಜಾಗಾ ಇಲ್ಲ ಅಂತಾರ. ಜಾಗಾ ಸಣ್ಣದಾಗಿಲ್ಲರಿ, ಪಲ್ಲಂಗ ಹಗಲೂ ಅಲ್ಲೇ ಮಲಗೈತಿ.

ಹಾಸಾಕ ಹೊಚ್ಚಾಕ ಕೌದಿ. ಹರದ ಇಳಕಲ್ಲ ಸೀರಿ, ಮಗ್ಗದ ಮ್ಯಾಲ ಉಳದ ತುಂಡು, ಗುಳೇದಗುಡ್ಡ ಖಣದ ಚೂರು, ಮಕ್ಕಳ ಅಂಗಿ, ಎಲ್ಲಾ ಪದರ ಪದರ ಹಾಕಿ ಸಣ್ಣ ಹೊಲಗಿ ಹಾಕೂದು. ನೇಕಾರರ ಊರಾಗ ಬಟ್ಟಿ ಒಂದು ಗೇಣೂ ಹೊರಗ ಒಗೀತಿದ್ದಿಲ್ಲ. ಸೀರಿ ಹರದ್ರ ಕೌದಿ, ಕೌದಿ ಹರದ್ರ ತೊಟ್ಟಿಲದಾಗಿನ ಮೆತ್ತಿ, ಅದೂ ಹರದ್ರ ನೆಲಾ ಒರಸೂ ಅರಬಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣಮಕ್ಕಳು ಹೊಲಿಯೂ ಕೌದಿ ಈಗ ಪರದೇಶದ ಪ್ರದರ್ಶನದಾಗ ಗ್ವಾಡಿಗೆ ತೂಗ್ಯಾವ. ನಮ್ಮವು ಇನ್ನೂ ಅಟ್ಟದ ಮ್ಯಾಲ ಟ್ರಂಕಿನ್ಯಾಗ ಅದಾವ. ಹೊರಸಿಗೆ ಪುಂಡಿ ನಾರಿನ ಹಗ್ಗ. ಪುಂಡಿ ಎಲಿ ಪಲ್ಲೆಕ್ಕ, ದಂಟು ನಾರಿಗೆ. ತಗಣಿ ಕಾಟ ಮಾತ್ರ ಹೊರಸಿನ ಜೋಡಿ ಬರತಿತ್ತು. ಆವಾಗೀವಾಗ ಬಿಸಲಿಗೆ ಹಾಕಿ ಕುದಿ ನೀರ ಸುರುವೂದು ಹೆಣಮಕ್ಕಳ ಕೆಲಸ.

ಗ್ವಾಡಿಗೆ ಸುಣ್ಣಾ, ಕೆಳಗ ಹುರಮಂಜಿ ಪಟ್ಟಿ. ಬಾಗಲಕೋಟಿ, ಲೋಕಾಪುರ ಸುತ್ತಮುತ್ತ ಸುಣ್ಣದ ಕಲ್ಲಿಗೆ ಬರಾ ಇಲ್ಲ, ಅಲ್ಲೀಗ ಸಿಮೆಂಟ್ ಫ್ಯಾಕ್ಟರಿ ಎದ್ದದ್ದೂ ಅದ ಕಾರಣಕ್ಕ. ಸುಣ್ಣದ ಕಲ್ಲು ಸುಟ್ಟಾಗ ಅದರೊಳಗಿನ ಇಂಗಾಲದ ಗಾಳಿ ಹೊರಗ ಹೋಗ್ತೈತಿ. ಅದನ್ನ ನೀರಾಗ ಅರಳಿಸಿ ಗ್ವಾಡಿಗೆ ಹಚ್ಚಿದ್ರ ಅದು ಅಂಥಾದ ಗಾಳಿಯನ್ನ ಮತ್ತ ಹೀರಿಕೊಂಡು ಹಳ್ಳಿ ಕಲ್ಲು ಆಗ್ತೈತಿ. ಸಿಮೆಂಟಿನ ಲೆಕ್ಕ ಹಂಗಲ್ಲ, ಒಂದು ಟನ್ ಸಿಮೆಂಟು ತಯಾರಾಗೂದ್ರಾಗ ಅರ್ಧ ಟನ್ನಿಗಿಂತ ಹೆಚ್ಚು ಇಂಗಾಲದ ಗಾಳಿ ಮ್ಯಾಲ ಹೋಗ್ತೈತಿ, ಭಾಳಷ್ಟು ಹಂಗ ಉಳೀತೈತಿ. ಹಸೀ ಸುಣ್ಣದ ಖಾರಕ್ಕ ಬೂಸಲು, ಹುಳಾ ತಡಿಯೂದಿಲ್ಲ. ನೇಕಾರರ ಮನಿ ಒಳಗ ತೇವ, ನೂಲಿನ ಧೂಳಾ ಎರಡೂ ಇರತಿದ್ದವು, ವರ್ಷಕ್ಕೊಮ್ಮೆ ಸುಣ್ಣಾ ಬಿದ್ದಿದ್ರಿಂದ ಮಂದಿ ಬದಕಿದ್ರು ಅಂತ ನನ್ನ ಲೆಕ್ಕ. ಬಣ್ಣದ ಡಬ್ಬಿ ಬಂದ ಮ್ಯಾಲ ಮಣ್ಣಿನ ಗ್ವಾಡಿಗೂ ಅದನ್ನ ಹಚ್ಚಿದ್ರು. ಮಣ್ಣಿನ ಗ್ವಾಡಿ ಉಸರ ಆಡಬೇಕು, ಪ್ಲಾಸ್ಟಿಕ್ಕಿನ ಪದರ ಕುಂತ್ರ ಒಳಗಿನ ತೇವ ಹೊರಗ ಬರಾಕ ದಾರಿ ಇಲ್ಲದ ಪಾಪಡಿ ಎದ್ದು ಉದರತೈತಿ. ಹಳೇ ಮನಿ ಇಟ್ಟುಕೊಂಡವರು ಸುಣ್ಣಾನ ಹಚ್ಚ್ರಿ.

ಇನ್ನ ಬಚ್ಚಲಾ. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಹನ್ನೆರಡನೇ ಶತಮಾನದಾಗ ಕಲ್ಯಾಣದ ಚಾಲುಕ್ಯರ ರಾಜಾ ಮೂರನೇ ಸೋಮೇಶ್ವರ ಮಾನಸೋಲ್ಲಾಸ ಅಂತ ಸಂಸ್ಕೃತದಾಗ ಒಂದು ದೊಡ್ಡ ಗ್ರಂಥ ಬರಸ್ಯಾನ. ಅದರಾಗ ರಾಜನ ಸುಖದ ಭಾಗದೊಳಗ ಮನಿ ಸುಖ, ಜಳಕದ ಸುಖ, ಹಾಸಗಿ ಸುಖ ಅಂತ ಬ್ಯಾರೆ ಬ್ಯಾರೆ ಅಧ್ಯಾಯನ ಅದಾವ. ನಮ್ಮ ಸೀಮಿ ಆಳಿದ ಅರಸರು 900 ವರ್ಷದ ಹಿಂದ ಬೆಡ್‌ರೂಮು, ಬಾತ್‌ರೂಮಿನ ಮ್ಯಾಲ ಬರದ್ರು ಅಂದ್ರ ಖುಷಿನ. ಬಿಜಾಪುರದ ಆದಿಲಶಾಹಿಗಳದು ಇನ್ನೂ ದೊಡ್ಡದು. ತೊರವಿಯಿಂದ ನೆಲದೊಳಗ ಕಾಲುವಿ ತಂದ್ರು, 1620ರಾಗ ತಾಜ್ ಬಾವಡಿ, 1651ರಾಗ ಬೇಗಂ ತಲಾಬ ಕಟ್ಟಿಸಿದ್ರು. ಅಲ್ಲಿಂದ ಮಣ್ಣಿನ ಕೊಳವಿ ಗಾರಿಯೊಳಗ ಕೂಡಿಸಿ ಊರೊಳಗ ನೀರ ಹರಸಿದ್ರು. ನಡುನಡುವೆ ಗಂಜ್ ಅನ್ನೂ ಕಟ್ಟಡ ಎಬ್ಬಿಸಿ ನೀರಿನ ಒತ್ತಡ ತಗ್ಗಸತಿದ್ರು, ಇಲ್ಲಾಂದ್ರ ಕೊಳವಿ ಒಡೀತಿದ್ದವು. ಆ ಗಂಜ್‌ಗಳು ಈಗಲೂ ವಿಜಯಪುರದಾಗ ನಿಂತಾವ. ನೋಡಲಿಕ್ಕೆ ಹೋದವರು ಗೋಳಗುಮ್ಮಟದಾಗ ಕೂಗಿ ಬರತಾರ, ಇವನ್ನ ಯಾರೂ ನೋಡೂದಿಲ್ಲ.

ನಮ್ಮ ಓಣಿ ಬಚ್ಚಲಕ್ಕ ಮಾತ್ರ ಕೊಳವಿ ಹೆಣಮಕ್ಕಳ ತಲಿ ಮತ್ತ ಟೊಂಕ. ಬಾವಿಯಿಂದ, ಬೋರಿನ ಮುಂದಿನ ಪಾಳಿಯಿಂದ, ಕೊಡಾ ಹೊತ್ತು ಬಾನಿ ತುಂಬಬೇಕು. ಅದಕ್ಕ ನೀರು ಎಣಿಸಿ ಖರ್ಚು ಮಾಡೂದು ತಾನ ಬಂತು. ನೀರ ಉಳಸೂದು ಅಂತ ಈಗ ಫಲಕ ಹಾಕತಾರ, ಹೊತ್ತು ತಂದಾಕಿಗೆ ಫಲಕ ಬೇಕಾಗಿದ್ದಿಲ್ಲ.

ಬಚ್ಚಲಾ ಅಂದ್ರ ಬಹಳ ಮನ್ಯಾಗ ಅಡಗಿಮನಿ ಮೂಲಿನ. ಒಂದು ಚಪ್ಪಡಿ ಕಲ್ಲು, ಸುತ್ತ ಗೇಣೆತ್ತರ ಕಟ್ಟಿ, ಗ್ವಾಡ್ಯಾಗ ನೀರು ಹೋಗೂ ತೂತು. ಒಲಿಗೂ ಹಂಡೆಕ್ಕೂ ಒಂದ ಬೆಂಕಿ ಸಾಲಲಿ ಅಂತ ಅಡಗಿಮನಿ ಮಗ್ಗಲಕ್ಕ. ಉರುವಲಿಗೆ ಕುಳ್ಳು, ಹತ್ತಿ ಕಟಗಿ, ತೊಗರಿ ಕಟಗಿ, ಕಬ್ಬು ಹೆಚ್ಚಾದ ಮ್ಯಾಲ ರವದಿ. ಹಿತ್ತಲ ಇದ್ದವರ ಮನಿ ಬಚ್ಚಲ ನೀರು ಬಾಳಿ ಗಿಡಕ್ಕ, ತೊಂಡಿ ಬಳ್ಳಿಗೆ. ಸೀಗಿಕಾಯಿ, ಕಡ್ಲಿಹಿಟ್ಟು ಹಚ್ಚಿ ಎರಕೊಂಡ ನೀರು ಗಿಡಕ್ಕ ಏನೂ ಮಾಡತಿದ್ದಿಲ್ಲ. ಆದ್ರ ನೇಕಾರರ ಪೇಟಿಯೊಳಗ ಗ್ವಾಡಿಗೆ ಗ್ವಾಡಿ ಹತ್ತಿ ಮನಿ, ಹಿತ್ತಲ ಎಲ್ಲಿಂದ ಬರಬೇಕು? ಅಲ್ಲಿ ತೂತಿನ ನೀರು ಸೀದಾ ಓಣಿ ಗಟಾರಕ್ಕ. ಆ ಗಟಾರದ ಮಗ್ಗಲದಾಗ ಹುಡುಗೂರು ಆಡೂದು.

ಬಾಗಲಾ ಇರಲಿಲ್ಲ, ಹಳೇ ಸೀರಿ ಪರದೆ. ಮನಿ ತುಂಬ ಮಂದಿ. ಹೆಣಮಕ್ಕಳು ನಸಿಕಿನ್ಯಾಗ ಎದ್ದು, ಗಂಡಸರು ಏಳೂದ್ರಾಗ ಜಳಕ ಮುಗಿಸಬೇಕು. ಇದನ್ನ ಶಾಸ್ತ್ರ, ಆಚಾರ ಅಂತ ಈಗ ಹೇಳತಾರ. ನಮ್ಮ ಅತ್ತಿ ಹೇಳಿದ್ದು ಬ್ಯಾರೆ: "ಬಾಗಲ ಇದ್ದಿದ್ರ ನಾನೂ ಹೊತ್ತ ಏರಿದ ಮ್ಯಾಲನ ಎರಕೋತಿದ್ನೆವಾ." ತಿಂಗಳಿನ ಅರಬಿ ತೊಳದು ಒಣಗಿಸಾಕ ಜಾಗಾ ಇಲ್ಲ. ಬಿಸಲಿಗೆ ಹಾಕಿದ್ರ ಮಂದಿ ನೋಡತಾರ ಅಂತ ಕಟಗಿ ಹಿಂದ, ಕತ್ತಲ ಮೂಲ್ಯಾಗ, ಮತ್ತೊಂದು ಅರಬಿ ಕೆಳಗ. ಅರಬಿ ಮತ್ತ ಮತ್ತ ಬಳಸೂದು ಪರಿಸರಕ್ಕ ಚಲೋ ಅಂತ ಈಗ ಪ್ಯಾಡು ಬ್ಯಾಡ ಅನ್ನೂವರು ಅದಾರ, ಖರೆ ಮಾತು. ಆದ್ರ ಅರಬಿಗೆ ಬಿಸಲು ಬೇಕು, ಬಿಸಲಿಗೆ ಮರಿ ಇರೂ ಜಾಗಾ ಬೇಕು. ಸಣ್ಣ ಬಾತ್‌ರೂಮಿಗೆ ದಕ್ಷಿಣಕ್ಕೋ ಪಶ್ಚಿಮಕ್ಕೋ ಎತ್ತರದಾಗ ಒಂದು ಕಿಂಡಿ ಇಟ್ಟು, ಅದರ ಕೆಳಗ ಒಂದು ತಂತಿ ಕಟ್ಟಿದ್ರ ಅಷ್ಟ ಸಾಕು. ಇದನ್ನ ಯಾವ ಡಿಸೈನ್ ಚಿತ್ರದಾಗೂ ನಾ ನೋಡಿಲ್ಲ. ಚಿತ್ರ ಬರಿಯಾವರು ಗಂಡಸರ ಇರಬೇಕು.

ಪಾಯಿಖಾನಿ ಮಾತಂತೂ ಬ್ಯಾರೆನ. ಬಹಳ ಮನ್ಯಾಗ ಇರಲೇ ಇಲ್ಲ. ಬೈಲಕಡಿಗೆ ಹೋಗೂದು, ಕತ್ತಲಿದ್ದಾಗ ಒಂದ ಸಲ, ಕತ್ತಲಾದ ಮ್ಯಾಲ ಒಂದ ಸಲ. ಅದರ ನಡುವ ಹೊಟ್ಟಿ ಕೆಟ್ಟರ ಗತಿ ಇಲ್ಲ, ಅದಕ್ಕ ನೀರ ಕಡಿಮಿ ಕುಡಿಯೂದು, ಊಟ ಕಡಿಮಿ ಮಾಡೂದು. ಅನುಕೂಲ ಇದ್ದ ಮನ್ಯಾಗ, ಪ್ಯಾಟಿಯೊಳಗ, ಒಣ ಪಾಯಿಖಾನಿ ಇದ್ದವು. ಹಿಂದಿನ ಬಾಗಲದಿಂದ ಬಂದು ಬಳಕೊಂಡು ತಲಿಮ್ಯಾಲ ಹೊತ್ತು ಒಯ್ಯೂದು ಒಂದ ಜಾತಿಯವರ ಹಣೇಬಾರ ಅಂತ ಮಾಡಿಟ್ಟಿದ್ರು. ಆ ಮನಿಯವರು ನಮ್ಮದು ಸ್ವಚ್ಛ ಮನಿ ಅಂತಿದ್ರು.

1970ರ ದಶಕದಾಗ, ದೇವರಾಜ ಅರಸರ ಸರ್ಕಾರದೊಳಗ ಪೌರಾಡಳಿತ ಮಂತ್ರಿ ಆಗಿದ್ದ ಬಿ. ಬಸವಲಿಂಗಪ್ಪನವರು ತಲಿಮ್ಯಾಲ ಮಲ ಹೊರೂದನ್ನ ಕರ್ನಾಟಕದಾಗ ನಿಷೇಧ ಮಾಡಿದ್ರು. ದೇಶಕ್ಕೆಲ್ಲಾ ಕಾಯ್ದೆ ಬಂದದ್ದು 1993ರಾಗ, ಇನ್ನೂ ಗಟ್ಟಿ ಕಾಯ್ದೆ 2013ರಾಗ. ನಿಷೇಧ ಆದಂಗ ಎಲ್ಲಾ ಕಡೆ ನಿಲ್ಲಲಿಲ್ಲ. 2010ರ ಜುಲೈದಾಗ ಹಾವೇರಿ ಜಿಲ್ಲಾ ಸವಣೂರಾಗ ಭಂಗಿ ಸಮಾಜದವರು ಪುರಸಭೆ ಮುಂದ ಮೈಮ್ಯಾಲ ಮಲ ಸುರುವಿಕೊಂಡು ಪ್ರತಿಭಟನಾ ಮಾಡಿದ್ರು. ಪೇಪರಿನ್ಯಾಗ ಆ ಫೋಟೋ ನೋಡಿದವರು ಮರತಿರಲಿಕ್ಕಿಲ್ಲ. ಹಳೇ ಮನಿ ಚಂದ ಇತ್ತು ಅಂತ ಬರಿಯೂವಾಗ ಹಿಂದಿನ ಬಾಗಲಾನೂ ಬರೀಬೇಕು.

ಇದಕ್ಕ ದಾರಿ ತೋರಿಸಿದ್ದು ಎರಡು ಗುಂಡಿ ಪಾಯಿಖಾನಿ. ಬಿಹಾರದ ಬಿಂದೇಶ್ವರ ಪಾಠಕ್ 1970ರಾಗ ಸುಲಭ ಸಂಸ್ಥೆ ಕಟ್ಟಿ ಇದನ್ನ ಊರೂರಿಗೆ ಒಯ್ದ್ರು. ಒಂದು ಗುಂಡಿ ತುಂಬಿದ್ರ ನೀರಿನ ದಾರಿ ಇನ್ನೊಂದಕ್ಕ ತಿರುವೂದು. ಮೊದಲನೇದು ಒಂದೂವರಿ ಎರಡು ವರ್ಷ ಮುಚ್ಚಿಟ್ರ ವಾಸನಿ ಇಲ್ಲದ ಗೊಬ್ಬರ ಆಗ್ತೈತಿ, ಯಾರೂ ಮಲ ಮುಟ್ಟೂ ಪ್ರಸಂಗ ಬರೂದಿಲ್ಲ. ಇಳಿಜಾರು ಹೆಚ್ಚಿರೂ ಬೇಸಿನ್ ಹಾಕಿದ್ರ ಎರಡು ಲೀಟರ ನೀರು ಸಾಕು. ಹಳೇ ತರದ ಫ್ಲಶ್ ಡಬ್ಬಿ ಒಂದ ಸಲಕ್ಕ ಹತ್ತು ಲೀಟರ ಸುರೂತೈತಿ, ಹೊಸಾ ಎರಡು ಗುಂಡಿಯ, ಅಂದ್ರ ಎರಡು ಬಟನ್ನಿನ ಡಬ್ಬಿ ಮೂರು ಇಲ್ಲಾ ಆರು ಲೀಟರ. 1999ರಿಂದ ಸಂಪೂರ್ಣ ಸ್ವಚ್ಛತಾ ಆಂದೋಲನ, 2014ರ ಅಕ್ಟೋಬರ್ 2ರಿಂದ ಸ್ವಚ್ಛ ಭಾರತ, ಹಳ್ಳಿಯೊಳಗ ಒಂದು ಮನಿಗೆ 12,000 ರೂಪಾಯಿ ಸಹಾಯಧನ. ಇವು ಬಂದ ಮ್ಯಾಲನ ನಮ್ಮ ಸುತ್ತಿನ ಹಳ್ಳಿ ಹೆಣಮಕ್ಕಳಿಗೆ ಬಾಗಲ ಇರೂ ಪಾಯಿಖಾನಿ ಸಿಕ್ಕಿತು.

ನಮ್ಮ ಯರಿ ಭೂಮಿಯೊಳಗ ಒಂದು ತೊಡಕು ಐತಿ. ಯರಿ ಮಣ್ಣು ನೀರ ಬೇಗ ಕುಡಿಯೂದಿಲ್ಲ. ಗುಂಡಿ ಸುತ್ತ ಉಸುಕಿನ ಪದರ ಹಾಕಿ, ಗುಂಡಿ ಸ್ವಲ್ಪ ದೊಡ್ಡದು ತಗೀಬೇಕು, ಬಾವಿ ಬೋರಿನಿಂದ ದೂರ ಇಡಬೇಕು. ಗೌಂಡಿ ಇದನ್ನ ಬಿಟ್ಟು, ಸಾಲದ್ದಕ್ಕ ಜಾಗಾ ಇಲ್ಲ ಅಂತ ಒಂದ ಗುಂಡಿ ತಗದು ಮುಚ್ಚಿ ಹೋದ್ರ, ನಾಕ ವರ್ಷಕ್ಕ ತುಂಬಿ ಮತ್ತ ಗಾಡಿ ಕರಸಬೇಕು.

ಕರೆಂಟು ಬಂದು ವಿದ್ಯುತ್ ಮಗ್ಗ ಬಂದ ಮ್ಯಾಲ ಮನಿ ನಕಾಶಾನ ಬದಲಾತು. ಕುಣಿ ಮುಚ್ಚಿದ್ರು, ಕಬ್ಬಿಣದ ಮಗ್ಗ ಕೂಡಿಸಿದ್ರು. ಅದರ ಅದರಾಟಕ್ಕ ಮಣ್ಣಿನ ಗ್ವಾಡಿ ಬಿರಕು ಬಿಟ್ಟವು, ಕಾಂಕ್ರೀಟ ನೆಲಾ ಬೇಕಾತು. ಖಟಖಟ ಸಪ್ಪಳದಾಗನ ಮಕ್ಕಳು ಮಲಗಿ ಬೆಳದ್ರು. ನಮ್ಮೂರ ಮಂದಿ ದೊಡ್ಡ ದನಿಲೆ ಮಾತಾಡತಾರ ಅಂತ ಹೊರಗಿನವರು ನಗತಾರ, ಕಾರಣ ಇದ. ಮಲಗೂ ಜಾಗಾ ಮಾತ್ರ ಮೊದಲಿನಕಿಂತ ಸಣ್ಣದಾತು, ಯಾಕಂದ್ರ ಒಂದು ಮಗ್ಗ ಇದ್ದಲ್ಲಿ ಎರಡು ಬಂದವು.

ಮಣ್ಣಿನ ಮನಿ ಮ್ಯಾಲಿನ ನಂಬಿಕಿ ಮುರದದ್ದು 2009ರ ಸಪ್ಟೆಂಬರ್ ಕಡೀಕ, ಅಕ್ಟೋಬರ್ ಮೊದಲಿಗೆ ಬಂದ ಮಳಿಯೊಳಗ. ಉತ್ತರ ಕರ್ನಾಟಕದ ತುಂಬ ಮಣ್ಣಿನ ಮನಿ ಸಾಲು ಸಾಲು ಕುಸದವು. ಸರ್ಕಾರ ಆಸರೆ ಅಂತ ಯೋಜನಾ ಮಾಡಿ ಬ್ಯಾರೆ ಜಾಗಾದಾಗ ಸಿಮೆಂಟಿನ ಮನಿ ಕಟ್ಟಿಸಿತು. 2019ರ ಆಗಸ್ಟದಾಗ ಕೃಷ್ಣಾ, ಘಟಪ್ರಭಾ ಏರಿ ಜಮಖಂಡಿ, ಮುಧೋಳ, ನಮ್ಮ ತಾಲೂಕಿನ ಹಳ್ಳಿ ಮತ್ತ ಮುಳಗಿದವು. ದಿನಗಟ್ಲೆ ನೀರಾಗ ನಿಂತ ಮಣ್ಣಿನ ಗ್ವಾಡಿ ನಿಲ್ಲೂದಿಲ್ಲ, ಅದನ್ನ ಅಲ್ಲಗಳಿಯಾಕ ಬರೂದಿಲ್ಲ. ಆದ್ರ ಹೊಳಿ ದಂಡಿ ಮ್ಯಾಲಿನ ಊರಿಗೆ ಬಂದ ಬುದ್ಧಿಯನ್ನ ಎತ್ತರದ ಮ್ಯಾಲಿನ ಊರಿಗೂ ಹಚ್ಚಿ, ಎಲ್ಲಾ ಕಡೆ ಮಣ್ಣು ಬ್ಯಾಡಾತು. ನಡುವಿನ ದಾರಿನೂ ಇತ್ತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯೊಳಗ 1974ರಾಗ ಅಸ್ತ್ರ ಅಂತ ಒಂದು ವಿಭಾಗ ಸುರು ಆತು. ಹೊಗಿ ಕಡಿಮಿ ಮಾಡೂ ಅಸ್ತ್ರ ಒಲಿ ಅವರದ. ಮಣ್ಣಿನ್ಯಾಗ ಸ್ವಲ್ಪ ಸಿಮೆಂಟೋ ಸುಣ್ಣಾನೋ ಕಲಿಸಿ ಯಂತ್ರದಾಗ ಒತ್ತಿ, ಸುಡದನ ಗಟ್ಟಿ ಇಟ್ಟಿಗಿ ಮಾಡೂದನ್ನೂ ಅವರು ಕಲಿಸಿದ್ರು. ಬೆಂಗಳೂರಾಗ ಶ್ರೀಮಂತರು ಅಂಥಾ ಮನಿ ಕಟ್ಟಸ್ಯಾರ. ನಮ್ಮ ಕಡೆ ಗೌಂಡಿಗೋಳಿಗೆ ಇನ್ನೂ ಆ ಕೈ ಕೂಡಿಲ್ಲ.

ಒಂದು ವಿಷಯದಾಗ ಮಾತ್ರ ನಮ್ಮ ಜಿಲ್ಲಾ ಎಲ್ಲಾರಿಗಿಂತ ಮುಂದಿತ್ತು, ಅದೂ ದುಃಖದಿಂದ. ಆಲಮಟ್ಟಿ ಡ್ಯಾಮಿಗೆ 1964ರಾಗ ಅಡಿಗಲ್ಲು ಇಟ್ರು. ಹಿನ್ನೀರಿಗೆ ಹಳೇ ಬಾಗಲಕೋಟಿಯ ಎಷ್ಟೋ ಓಣಿ, ಬೀಳಗಿ ಕಡೆಯ ಹಳ್ಳಿ ಮುಳಗೂ ಹೊತ್ತು ಬಂದಾಗ ಮಂದಿ ಬರೇ ಗಂಟು ಮೂಟಿ ಒಯ್ಯಲಿಲ್ಲ. ತೊಲಿ, ಕಂಬ, ಕೆತ್ತಿದ ಬಾಗಲಾ, ಚೌಕಟ್ಟು, ಚಪ್ಪಡಿ ಎಲ್ಲಾ ಬಿಚ್ಚಿ ಒಯ್ದ್ರು. ಕೆಲವೊಬ್ರು ಹೊಸಾ ಮನಿಗೆ ಹಚ್ಚಿದ್ರು, ಕೆಲವೊಬ್ರು ಮಾರಿದ್ರು. ನೂರು ವರ್ಷದ ಸಾಗವಾನಿ ಒರಲಿ ಹತ್ತದ ಈಗಲೂ ಬಾಗಲಾಗಿ ನಿಂತಾವ. ಹಳೇ ಕಟಗಿ ಮತ್ತ ಬಳಸೂದಕ್ಕ ಈಗ ಇಂಗ್ಲಿಷಿನ್ಯಾಗ ಚಂದನ ಹೆಸರು ಐತಿ, ಅವರಿಗೆ ಅದು ಊರು ಕಳಕೊಂಡ ಲೆಕ್ಕ.

ಈಗ ಮಗ್ಗ ಮಾರಿ ಎಷ್ಟೋ ಮನಿಯವರು ಆ ಖೋಲಿ ಬೆಡ್‌ರೂಮ್ ಮಾಡಾಕ ಹತ್ಯಾರ. ಹುಡುಗೂರು ಪಿವಿಸಿ ಹಲಗಿ, ಪಿಒಪಿ ಚತ್ತು, ಗ್ವಾಡಿಗೆ ಅಂಟಸೂ ಕಾಗದ ಅಂತಾರ. ಮಗ್ಗದ ಕುಣಿ ಮುಚ್ಚಿದಲ್ಲಿ ನೆಲಾ ತೇವ ಬಿಡತೈತಿ, ಹಲಗಿ ಹಿಂದ ಬೂಸಲು ಕುಂದ್ರತೈತಿ, ಮಕ್ಕಳಿಗೆ ಕೆಮ್ಮು ಹತ್ತತೈತಿ. ಅದರ ಬದಲಿ ಕುಣಿ ಮಣ್ಣು ಪೂರಾ ತಗದು, ಖಡಿ ತುಂಬಿ ಪದರಕ್ಕೊಮ್ಮೆ ನೀರ ಹೊಡದು ಧಮ್ಮಸು ಮಾಡಿ, ಮ್ಯಾಲ ಶಹಾಬಾದ ಫರಸಿ ಹಾಕ್ರಿ. ಕಲಬುರಗಿ ಜಿಲ್ಲಾದ ಕಲ್ಲು ಅದು, ದೂರದ ಟೈಲ್ಸಿಗಿಂತ ಕಾಲಿಗೆ ತಂಪು, ತೊಯ್ದ ಕಾಲಿಗೆ ಜಾರೂದಿಲ್ಲ, ಬಚ್ಚಲಕ್ಕೂ ನಡೀತೈತಿ. ಒಂದ ನೆನಪಿರಲಿ, ಅದು ಸುಣ್ಣದ ಜಾತಿ ಕಲ್ಲು. ಆ್ಯಸಿಡ್ ಹಾಕಿ ತೊಳದ್ರ ಬುರುಬುರು ನೊರಿ ಬಂದು ಕಲ್ಲ ಸವೀತೈತಿ. ಸೋಪಿನ ಪುಡಿ, ಕಸಬರಗಿ ಸಾಕು. ಸ್ಲ್ಯಾಬಿನ ಮ್ಯಾಲ ಬ್ಯಾಸಗಿ ಸುರುವಿಗೆ ದಪ್ಪ ಬಿಳೇ ಸುಣ್ಣಾ ಎರಡ ಸಲ ಬಳದ್ರ ಬಿಸಲು ಹೊಡದು ಹೊಳ್ಳಿ ಹೋಗ್ತೈತಿ, ಕೆಳಗಿನ ಖೋಲಿ ರಾತ್ರಿ ಮಲಗಾಕ ಬರ್ತೈತಿ. ಪರದೆಕ್ಕ ನಮ್ಮೂರ ಮಗ್ಗದ ಹತ್ತಿ ಸೀರಿಗಿಂತ ಬ್ಯಾರೆ ಬೇಕ? ಹೊಸಾ ಸೀರಿ ಹರಿಬ್ಯಾಡ್ರಿ ಮತ್ತ, ಅಟ್ಟದ ಮ್ಯಾಲ ನೋಡ್ರಿ.

ಸೋಲಾರ ಬಂಬ ಮಾಳಗಿ ಮ್ಯಾಲ ಬಂದದ್ದು ಮಾತ್ರ ನಾ ಕಂಡ ಎಲ್ಲಾ ಬದಲಾವಣೆಯೊಳಗ ದೊಡ್ಡದು. ನಮ್ಮ ಬಿಸಲಿಗೆ ಏನ ಕಡಿಮಿ? ಹಂಡೆದ ಮುಂದ ಕುಂತು ಊದಿ ಊದಿ ಕಣ್ಣು ಕೆಂಪು ಮಾಡಿಕೊಳ್ಳೂದು ತಪ್ಪೇತಿ. ಹಳೇ ಹಂಡೆ ಮಾರಾಕ ಹೋದ್ರ ಬೋಗಾರ ತಾಮ್ರದ ತೂಕಕ್ಕ ತಗೋತಾನ. ಬಚ್ಚಲ ಚಪ್ಪಡಿ ತೂಕಕ್ಕ ಯಾರೂ ತಗೊಳ್ಳೂದಿಲ್ಲ, ಅದಕ್ಕ ಓಣಿ ತುಂಬ ಮನಿ ಮುಂದಿನ ಪಾವಟಿಗಿ ಆಗಿ ಬಿದ್ದಾವ, ನಡುವ ಕೂತು ಕೂತು ಸವದ ತಗ್ಗಿನ ಸುದ್ದಾ. ಮಳಿ ಬಂದಾಗ ಆ ತಗ್ಗಿನ್ಯಾಗ ನೀರು ನಿಂತಿರತೈತಿ, ಗುಬ್ಬಿ ಬಂದು ಜಳಕ ಮಾಡತಾವ.